ಸೂಜಿ–ದಾರ: ಅಂಪೈರ್ ಎದೆಯ ಮೇಲೆ ಯಾರ ಹೆಸರು?



ಕಳೆದ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ನಿಮ್ಮಲ್ಲೇ ಒಬ್ಬ, ಸೂರತ್‌ನಲ್ಲಿ ಬಿ.ಬಿ.ಎ. ಓದುತ್ತಿರುವ ಹುಡುಗ, ನನ್ನ ಪಕ್ಕ ಕುಳಿತಿದ್ದ. ಮನೆಯಲ್ಲೇ ಕುಳಿತು ವ್ಯಾಪಾರ ಮಾಡುವ ಹೆಂಗಸರ ಬಗ್ಗೆ ಕಾಲೇಜಿನಲ್ಲಿ ಏನೋ ಪ್ರಾಜೆಕ್ಟ್ ಕೊಟ್ಟಿದ್ದರಂತೆ. "ಆಂಟಿ, ನೀವೂ ಏನೋ ಬಿಸಿನೆಸ್ ಮಾಡ್ತೀರಂತಲ್ಲ, ಹಪ್ಪಳ ಸಂಡಿಗೆನಾ?" ಎಂದು ಕೇಳಿದ.

"ಇಲ್ಲಪ್ಪ, ಅಂಪೈರ್‌ಗಳಿಗೆ ಬಟ್ಟೆ ಹೊಲಿಸಿ ಕೊಡ್ತೀನಿ. ಜೊತೆಗೆ ಟೋಪಿ, ಕೌಂಟರ್, ಬೇಲ್ಸ್ ಎಲ್ಲ" ಎಂದೆ.

ಹೋಳಿಗೆ ಹಿಡಿದ ಕೈ ಬಾಯಿಯ ಹತ್ತಿರವೇ ನಿಂತಿತು. "ಅಂಪೈರ್‌ಗಾ? ಒಂದು ಮ್ಯಾಚಿಗೆ ಇಪ್ಪತ್ತೆರಡು ಜನ ಪ್ಲೇಯರ್ಸ್, ಅಂಪೈರ್ ಇಬ್ಬರೇ. ಮಾರ್ಕೆಟ್ ಎಲ್ಲಿದೆ ಆಂಟಿ?"

ಲೆಕ್ಕವೇನೋ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಸಾರು ಬಂತು, ಮಾತು ಅಲ್ಲಿಗೇ ನಿಂತಿತು. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನು ಈ ಸಲದ ಅಂಕಣದಲ್ಲಿ ನಿಮಗೆಲ್ಲ ಸೇರಿಸಿಯೇ ಕೊಡುತ್ತಿದ್ದೇನೆ.

ಮೊದಲು ನಮ್ಮ ಊರಿನ ವಿಷಯ. ನನ್ನ ಮದುವೆಯಾಗಿ, ನಮ್ಮ ಯಜಮಾನರಿಗೆ ಇಲ್ಲಿನ ಒಂದು ಪ್ರೊಸೆಸ್ ಹೌಸಿನಲ್ಲಿ ಕೆಲಸ ಸಿಕ್ಕಿದ್ದು 1993ರಲ್ಲಿ. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಸೊರಗುತ್ತಿದ್ದ ಕಾಲ ಅದು. ಬಣ್ಣ ಹಾಕುವ ವಿದ್ಯೆ ಕಲಿತವರು ಸೂರತ್ ಕಡೆ ಮುಖ ಮಾಡಿದ್ದರು. "ಯಾವ ಊರು?" ಎಂದು ನಮ್ಮ ತಂದೆ ಕೇಳಿದರು. "ಸಚಿನ್" ಎಂದೆವು. "ಊರಿನ ಹೆಸರು ಹೇಳಮ್ಮಾ ಅಂದ್ರೆ ಕ್ರಿಕೆಟ್ ಹುಡುಗನ ಹೆಸರು ಹೇಳ್ತೀಯಲ್ಲ!" ಎಂದು ನಕ್ಕರು. ಆ ಹುಡುಗನಿಗಿಂತ ಊರೇ ಬಹಳ ಹಿರಿಯದು. 1791ರಿಂದ 1948ರವರೆಗೆ ಸಚಿನ್ ಒಂದು ಪುಟ್ಟ ಸಂಸ್ಥಾನವಾಗಿತ್ತು. ಆಫ್ರಿಕಾ ಮೂಲದ ಸಿದ್ದಿ ನವಾಬರು ಆಳುತ್ತಿದ್ದರು. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ಸಿದ್ದಿಗಳಿದ್ದಾರಲ್ಲ, ಅವರ ಪೂರ್ವಿಕರೂ ಆಫ್ರಿಕಾದಿಂದಲೇ ಬಂದವರು.

ಇನ್ನೊಂದು ತಮಾಷೆ ಕೇಳಿ. ಟಿ.ವಿ. ನೋಡಿ ತೀರ್ಪು ಕೊಡುವ ಮೂರನೆಯ ಅಂಪೈರ್ ಎಂಬ ವ್ಯವಸ್ಥೆ ಟೆಸ್ಟ್ ಕ್ರಿಕೆಟ್ಟಿಗೆ ಬಂದದ್ದು 1992ರ ನವೆಂಬರಿನಲ್ಲಿ, ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ. ಆ ರೀತಿ ಮೊಟ್ಟಮೊದಲು ರನೌಟ್ ಆದವನು ಸಚಿನ್ ತೆಂಡೂಲ್ಕರ್. ಮರುವರ್ಷ ನಾನು ಸಚಿನ್‌ಗೆ ಬಂದೆ. ಅಂಪೈರ್‌ಗಳ ಋಣ ನನ್ನ ಹಣೆಯಲ್ಲಿ ಆಗಲೇ ಬರೆದಿತ್ತೋ ಏನೋ!

ಬಂದು ಹದಿನೆಂಟು ವರ್ಷ ನಾನು ಮಾಡಿದ್ದು ಅಡುಗೆ, ಮಕ್ಕಳ ಹೋಮ್‌ವರ್ಕ್, ನೆರೆಮನೆಯ ಬೆನ್‌ಗಳಿಂದ ಕಲಿತ ಗುಜರಾತಿ, ಮತ್ತು ಒಂದು ಹೊಲಿಗೆ ಯಂತ್ರದಲ್ಲಿ ಫಾಲ್, ಬ್ಲೌಸು. ಇಂಗ್ಲಿಷ್ ಬಿ.ಎ. ಪದವಿಯ ಪ್ರಮಾಣಪತ್ರ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ, ಮದುವೆಯ ಸೀರೆಯ ಕೆಳಗೆ ಭದ್ರವಾಗಿತ್ತು.

2011ರ ನವೆಂಬರಿನಲ್ಲಿ ನಮ್ಮ ಸಂಘದವರು ರಾಜ್ಯೋತ್ಸವಕ್ಕೆಂದು ಟೆನಿಸ್ ಬಾಲ್ ಕ್ರಿಕೆಟ್ ಇಟ್ಟುಕೊಂಡಿದ್ದರು. ನಿಮ್ಮಲ್ಲಿ ಕೆಲವರು ಆಗ ಅಪ್ಪನ ಹೆಗಲ ಮೇಲಿದ್ದಿರಿ. ಒಂದು ತಂಡಕ್ಕೆ ಹಳದಿ ಅಂಗಿ, ಇನ್ನೊಂದಕ್ಕೆ ನೀಲಿ. ಅಂಪೈರ್ ಆಗಿ ನಿಂತವರು ನಮ್ಮೆಲ್ಲರಿಗೂ ಬೇಕಾದ ಹಿರಿಯರೊಬ್ಬರು. ಅವರ ಗ್ರಹಚಾರಕ್ಕೆ ಅಂದು ಮನೆಯಿಂದ ನೀಲಿ ಟೀ ಶರ್ಟ್ ಹಾಕಿಕೊಂಡು ಬಂದಿದ್ದರು. ಹಳದಿ ತಂಡದ ಹುಡುಗನೊಬ್ಬನನ್ನು ರನೌಟ್ ಕೊಟ್ಟರು. ಶುರುವಾಯಿತು ನೋಡಿ ಗಲಾಟೆ! "ನೀಲಿ ಅಂಗಿಯವರು ನೀಲಿ ಅಂಗಿಯವರಿಗೇ ಕೊಡೋದು ಬಿಡಿ" ಎಂದು ಯಾರೋ ಅಂದುಬಿಟ್ಟರು. ಅವರು ಒಂದು ಮಾತೂ ಆಡದೆ, ಕೈಯಲ್ಲಿದ್ದ ಬೆಣಚುಕಲ್ಲುಗಳನ್ನು ಪಿಚ್ ಮೇಲೆ ಸುರಿದು ನಡೆದೇಬಿಟ್ಟರು. ಆ ದಿನ ಬಿಸಿಬೇಳೆಭಾತ್ ಉಣ್ಣದೆ ಹೋದವರು ಅವರೊಬ್ಬರೇ. ಅವರ ಮನೆಯವರ ಮುಖ ನೋಡಲು ನನಗೆ ಸಂಕಟವಾಯಿತು.

ಮರುವರ್ಷ ನಾನು ಎರಡೂವರೆ ಮೀಟರಿನಂತೆ ಬಿಳಿ ಡ್ರಿಲ್ ಬಟ್ಟೆ ತಂದು, ನಮ್ಮ ಯಜಮಾನರ ಲ್ಯಾಬಿನ ಕೋಟನ್ನೇ ಅಳತೆಗಿಟ್ಟುಕೊಂಡು, ಮೊಣಕಾಲಿನವರೆಗೆ ಬರುವ ಎರಡು ಕೋಟು ಹೊಲಿದೆ. ಅದೇ ಹಿರಿಯರನ್ನು ಕಾಡಿಬೇಡಿ ಒಪ್ಪಿಸಿದೆವು. ಅದೇ ಕಣ್ಣು, ಅದೇ ಕನ್ನಡಕ. ಆ ದಿನವೂ ಅವರು ಎರಡು ಮೂರು ತೀರ್ಪು ತಪ್ಪಾಗಿಯೇ ಕೊಟ್ಟರೆಂದು ನಮ್ಮ ಮಗ ಈಗಲೂ ಹೇಳುತ್ತಾನೆ. ಆದರೆ "ನೀವು ಆ ಕಡೆಯವರು" ಎಂದು ಒಬ್ಬನೂ ಅನ್ನಲಿಲ್ಲ. "ಅಂಕಲ್‌ಗೆ ಕಾಣಿಸಲಿಲ್ಲ" ಎಂದರು, ಅಷ್ಟೆ. ಕಾಣಿಸಲಿಲ್ಲ ಎನ್ನುವುದಕ್ಕೂ ಆ ಕಡೆಯವರು ಎನ್ನುವುದಕ್ಕೂ ಎಷ್ಟು ಅಂತರವಿದೆ, ಯೋಚಿಸಿ. ಆ ಅಂತರವನ್ನು ಐದು ಮೀಟರ್ ಬಟ್ಟೆ ಉಂಟುಮಾಡಿತ್ತು.

ಆ ಪಂದ್ಯಕ್ಕೆ ಅತಿಥಿಯಾಗಿ ಬಂದಿದ್ದ ಒಂದು ಫ್ಯಾಕ್ಟರಿಯ ಅಧಿಕಾರಿಯೊಬ್ಬರು "ಬೆನ್, ನಮ್ಮ ಡಿಪಾರ್ಟ್‌ಮೆಂಟ್ ಟೂರ್ನಮೆಂಟಿಗೆ ಇಂಥವು ನಾಲ್ಕು ಬೇಕು" ಎಂದರು. ವ್ಯಾಪಾರ ಆರಂಭವಾದದ್ದು ಹೀಗೆ.

ಇಲ್ಲಿ ನನ್ನ ಬಿ.ಎ. ಪದವಿ ಒಂದು ಸಲ ಉಪಯೋಗಕ್ಕೆ ಬಂತು. ನಿಘಂಟಿನಲ್ಲಿ 'ಅಂಪೈರ್' ಎಂಬ ಶಬ್ದದ ಮೂಲ ಹುಡುಕಿದೆ. ಹಳೆಯ ಫ್ರೆಂಚ್ ಭಾಷೆಯಲ್ಲಿ 'ನಾನ್‌ಪೇರ್', ಅಂದರೆ ಜೋಡಿಯಿಲ್ಲದವನು, ಇಬ್ಬರಲ್ಲಿ ಯಾರಿಗೂ ಸೇರದ ಮೂರನೆಯವನು. ಇಂಗ್ಲಿಷಿಗೆ ಬಂದಾಗ 'ಎ ನೌಂಪೇರ್' ಎನ್ನುತ್ತಿದ್ದರು. ಜನರ ಬಾಯಲ್ಲಿ ಆ 'ನ' ಹಿಂದಕ್ಕೆ ಜಾರಿ 'ಆ್ಯನ್ ಅಂಪೈರ್' ಆಯಿತು. ಇದೇ ರೀತಿ 'ನ' ಕಳೆದುಕೊಂಡ ಇನ್ನೊಂದು ಶಬ್ದ ಯಾವುದು ಗೊತ್ತೇ? ಏಪ್ರನ್! ಅದೂ ಮೊದಲು 'ನೇಪ್ರನ್' ಆಗಿತ್ತು. ಅಡುಗೆಮನೆಯ ಏಪ್ರನ್ನಿನಿಂದ ಅಂಪೈರ್ ಕೋಟಿಗೆ ಬಂದವಳು ನಾನು. ಎರಡೂ ಶಬ್ದ ಒಂದೇ ದಾರಿಯಲ್ಲಿ ಒಂದೇ ಅಕ್ಷರ ಕಳೆದುಕೊಂಡಿದ್ದನ್ನು ಓದಿದಾಗ ನನಗೊಬ್ಬಳಿಗೇ ನಗು ಬಂತು. ಯಜಮಾನರಿಗೆ ಹೇಳಿದೆ. "ಸರಿ, ಕಾಫಿ ಕೊಡು" ಎಂದರು.

ಜೋಡಿಯಿಲ್ಲದವನು ಎಂಬ ಆ ಅರ್ಥವನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಈಗ ಈ ವ್ಯಾಪಾರದ ಒಳಗುಟ್ಟು. ಸೂರತ್ತಿನಲ್ಲಿ ಬಟ್ಟೆಗೇನು ಬರ? ರಿಂಗ್ ರೋಡಿನ ಮಾರ್ಕೆಟ್‌ಗಳಲ್ಲಿ ತಾಕಾಗಟ್ಟಲೆ ಸಿಗುತ್ತದೆ. ಆದರೆ ಸೂರತ್ ಪಾಲಿಯೆಸ್ಟರಿನ ಊರು. ಪಾಲಿಯೆಸ್ಟರ್ ಸುಕ್ಕಾಗದು, ಅಗ್ಗ, ನೋಡಲೂ ಚೆಂದ. ನಾನೂ ಮೊದಲು ಅದೇ ತಂದು ಅಂಗಿ ಹೊಲಿಸಿದೆ. ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಮೂರು ಪಂದ್ಯಕ್ಕೆ ನಿಂತ ಅಂಪೈರ್ ಒಬ್ಬರು ಅಂಗಿ ಬಿಚ್ಚಿ ಬೆನ್ನು ತೋರಿಸಿದರು. ಬೆನ್ನಿನ ತುಂಬ ಬೆವರುಸಾಲೆ. ಆಟಗಾರ ಔಟಾದರೆ ಹೋಗಿ ನೆರಳಿನಲ್ಲಿ ಕೂರುತ್ತಾನೆ. ಅಂಪೈರ್‌ಗೆ ಔಟ್ ಎಂಬುದಿಲ್ಲ, ಬ್ಯಾಟಿಂಗ್ ಯಾರದೇ ಆಗಲಿ ಅವನು ನಿಂತೇ ಇರಬೇಕು. ಅಂದಿನಿಂದ ಹತ್ತಿ ಹೆಚ್ಚಿರುವ ಬಟ್ಟೆಯನ್ನೇ ತರುತ್ತೇನೆ. ಒಂದು ಅಂಗಿಗೆ ಅರವತ್ತು ಎಪ್ಪತ್ತು ರೂಪಾಯಿ ಹೆಚ್ಚು ಬೀಳುತ್ತದೆ. ಗಿರಾಕಿಗಳು ಗೊಣಗುತ್ತಾರೆ. ಗೊಣಗಲಿ.

ಎರಡನೆಯದು ಜೇಬು. ಅಂಪೈರ್ ಅಂಗಿಯಲ್ಲಿ ಜೇಬೇ ಮುಖ್ಯ, ಉಳಿದದ್ದು ಆಮೇಲೆ. ನಮ್ಮ ಕಡೆಯ ಹಳೆಯ ಅಂಪೈರ್ ಒಬ್ಬರು ಕೌಂಟರ್ ನಂಬುವುದಿಲ್ಲ. ಆರು ಹುಣಸೆಬೀಜ ಇಟ್ಟುಕೊಳ್ಳುತ್ತಾರೆ. ಪ್ರತಿ ಚೆಂಡಿಗೆ ಒಂದು ಬೀಜ ಎಡಜೇಬಿನಿಂದ ಬಲಜೇಬಿಗೆ. ಓವರ್ ಮುಗಿದರೆ ಎಡಜೇಬು ಖಾಲಿ. ಜೇಬಿನ ಬಾಯಿ ಕಿರಿದಾದರೆ ಬೀಜ ಹುಡುಕಲು ತಲೆ ತಗ್ಗಿಸಬೇಕು, ತಲೆ ತಗ್ಗಿಸಿದ ಹೊತ್ತಿನಲ್ಲಿ ಚೆಂಡು ತಪ್ಪಿಹೋಗುತ್ತದೆ. ಹಾಗಾಗಿ ನಮ್ಮ ಕೋಟಿನ ಜೇಬು ಕೈ ಇಳಿಬಿಟ್ಟಾಗ ಸಹಜವಾಗಿ ಬೆರಳು ಸೇರುವ ಎತ್ತರದಲ್ಲಿ, ಸ್ವಲ್ಪ ಓರೆಯಾಗಿ ಇರುತ್ತದೆ. ನಮ್ಮ ಟೈಲರ್ ಚಾಚಾ ಇದನ್ನು ಕಲಿಯಲು ನಾಲ್ಕು ಕೋಟು ಹಾಳು ಮಾಡಿದರು.

ಮೂರನೆಯದು ಬಣ್ಣ. ಬೌಲರ್ ಓಡಿಬಂದು ಚೆಂಡು ಬಿಡುವಾಗ ಬ್ಯಾಟ್ಸ್‌ಮನ್‌ನ ಕಣ್ಣಿಗೆ ಆ ಕೈಯ ಪಕ್ಕದಲ್ಲೇ ಅಂಪೈರ್ ನಿಂತಿರುತ್ತಾನೆ. ಅಂಗಿಯ ಬಣ್ಣವೂ ಚೆಂಡಿನ ಬಣ್ಣವೂ ಒಂದೇ ಆದರೆ ಚೆಂಡು ಅಂಗಿಯೊಳಗೆ ಕರಗಿದಂತಾಗುತ್ತದೆ. ಕೆಂಪು ಚೆಂಡಿಗೆ ಬಿಳಿ ಅಂಗಿ ಸರಿ, ಬಿಳಿ ಚೆಂಡಿಗೆ ಗಾಢ ಬಣ್ಣ ಬೇಕು. ನಮ್ಮ ಟೆನಿಸ್ ಬಾಲ್ ಪಂದ್ಯಗಳಿಗೆ ನಿಂಬೆಹಳದಿ ಅಂಗಿ ಕೇಳಿದರೆ ನಾನು ಕೊಡುವುದೇ ಇಲ್ಲ.

ಇನ್ನು ಚೀಲ. ಬ್ಯಾಟು, ಚೆಂಡು, ಬೇಲ್ಸ್ ಇವುಗಳಿಗೆಲ್ಲ ದೇಶದಲ್ಲಿ ಮೇರಠ್ ಮತ್ತು ಜಲಂಧರ್ ಎರಡು ದೊಡ್ಡ ತವರುಗಳು. 1947ರಲ್ಲಿ ದೇಶ ಇಬ್ಭಾಗವಾದಾಗ ಸಿಯಾಲ್‌ಕೋಟಿನಿಂದ ಬರಿಗೈಯಲ್ಲಿ ಬಂದ ಕಸುಬುದಾರರು ಅಲ್ಲಿ ನೆಲೆನಿಂತರು. ನನ್ನ ಸಾಮಾನೂ ಆ ಕಡೆಯಿಂದಲೇ ಪಾರ್ಸಲ್ ಬರುತ್ತದೆ. ಒಂದು ಚೀಲದಲ್ಲಿ ಎರಡು ಅಗಲ ಅಂಚಿನ ಟೋಪಿ, ಎರಡು ಕೌಂಟರ್, ಅಳತೆ ಟೇಪು, ಕತ್ತರಿ, ಪೆನ್ಸಿಲ್, ಎರಡು ಜೊತೆ ಬೇಲ್ಸ್. ಜೊತೆಗೆ ಗಾಳಿಯ ದಿನಕ್ಕೆಂದು ಭಾರದ ಮರದ ಬೇಲ್ಸ್ ಒಂದು ಜೊತೆ. ಸಮುದ್ರ ಹತ್ತಿರವಿರುವ ನಮ್ಮ ಕಡೆ ಮೇ, ಜೂನ್ ಗಾಳಿಗೆ ಸಾಮಾನ್ಯ ಬೇಲ್ಸ್ ತಾವಾಗಿಯೇ ಹಾರಿ ಬೀಳುತ್ತವೆ. ಚರ್ಮದ ಚೆಂಡಿನ ಪಂದ್ಯವಾದರೆ ಎರಡು ಬಳೆಯ ಒಂದು ಸಾಧನ ಕೊಡುತ್ತೇನೆ. ಗಂಡಸರ ಕ್ರಿಕೆಟ್ ಚೆಂಡಿನ ಸುತ್ತಳತೆ 22.4ರಿಂದ 22.9 ಸೆಂಟಿಮೀಟರ್ ಒಳಗೆ ಇರಬೇಕು. ಚೆಂಡು ದೊಡ್ಡ ಬಳೆಯಲ್ಲಿ ತೂರಬೇಕು, ಚಿಕ್ಕ ಬಳೆಯಲ್ಲಿ ತೂರಬಾರದು. ಎಷ್ಟು ಸರಳ, ನೋಡಿ! ವಾದಕ್ಕೆ ಜಾಗವೇ ಇಲ್ಲ. ಇಂಥ ಹನ್ನೊಂದು ಚೀಲ ನನ್ನಲ್ಲಿವೆ. ಭಾನುವಾರಕ್ಕೆ ಮುನ್ನೂರು ರೂಪಾಯಿ ಬಾಡಿಗೆ. ಸೋಮವಾರ ಬೆಳಿಗ್ಗೆ ಚೀಲ ಬಿಚ್ಚಿ, ಕಳೆದುಹೋದ ಪೆನ್ಸಿಲ್ ಎಣಿಸಿ, ಕೌಂಟರಿನ ಗಾಲಿಗೆ ಸಿಕ್ಕಿಕೊಂಡ ಧೂಳು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯುವುದು ನನ್ನ ವಾರದ ಮೊದಲ ಕೆಲಸ.

2015ರಲ್ಲಿ ತಮಿಳುನಾಡಿನ ದಿಂಡಿಗಲ್ಲಿನಲ್ಲಿ ರಣಜಿ ಪಂದ್ಯ ನಡೆಯುವಾಗ ಬ್ಯಾಟ್ಸ್‌ಮನ್ ಹೊಡೆದ ಚೆಂಡು ಆಸ್ಟ್ರೇಲಿಯಾದ ಅಂಪೈರ್ ಜಾನ್ ವಾರ್ಡ್ ಅವರ ತಲೆಗೆ ಬಡಿಯಿತು. ಮರುತಿಂಗಳೇ ಅವರು ಹೆಲ್ಮೆಟ್ ಧರಿಸಿ ಅಂಪೈರಿಂಗ್‌ಗೆ ನಿಂತರು. 2016ರಲ್ಲಿ ಬ್ರೂಸ್ ಆಕ್ಸೆನ್‌ಫೋರ್ಡ್ ಎಂಬವರು ಐಪಿಎಲ್‌ನಲ್ಲಿ ಎಡಗೈಗೆ ಪಾರದರ್ಶಕ ಗುರಾಣಿ ಕಟ್ಟಿಕೊಂಡು ನಿಂತದ್ದನ್ನು ನೀವೂ ಟಿ.ವಿ.ಯಲ್ಲಿ ನೋಡಿರಬಹುದು. ನಾನೂ ಎರಡು ಹೆಲ್ಮೆಟ್ ತಂದಿಟ್ಟೆ. "ಜನ ನಗ್ತಾರೆ ಬೆನ್" ಎಂದು ಬಹಳ ದಿನ ಯಾರೂ ಮುಟ್ಟಲಿಲ್ಲ. ಈಗ ಚರ್ಮದ ಚೆಂಡಿನ ಪಂದ್ಯಕ್ಕೆ ಬರುವ ಇಬ್ಬರು ತಾವಾಗಿಯೇ ಕೇಳಿ ಒಯ್ಯುತ್ತಾರೆ.

ಹೆಣ್ಣುಮಕ್ಕಳೇ, ನಿಮಗೂ ಒಂದು ಮಾತು. 2023ರ ಜನವರಿಯಲ್ಲಿ ವೃಂದಾ ರಾಠಿ, ಜನನಿ ನಾರಾಯಣನ್, ಗಾಯತ್ರಿ ವೇಣುಗೋಪಾಲನ್ ಎಂಬ ಮೂವರು ಮೊದಲ ಬಾರಿಗೆ ಗಂಡಸರ ರಣಜಿ ಟ್ರೋಫಿಯಲ್ಲಿ ಮೈದಾನದ ಅಂಪೈರ್‌ಗಳಾಗಿ ನಿಂತರು. ಆ ವರ್ಷವೇ ಸೂರತ್ತಿನ ಒಬ್ಬ ಹುಡುಗಿ ನನ್ನಲ್ಲಿಗೆ ಬಂದು "ಆಂಟಿ, ಎಲ್ಲ ಕಡೆ ಜೆಂಟ್ಸ್ ಸೈಜೇ ಸಿಗುತ್ತೆ. ಲೇಡೀಸ್ ಪ್ಯಾಂಟ್ ತಗೊಂಡ್ರೆ ಜೇಬೇ ಇರಲ್ಲ" ಎಂದಳು. ಹೆಂಗಸರ ಬಟ್ಟೆಗೆ ಜೇಬೇಕೆ ಎಂದುಕೊಂಡವರು ಯಾರೋ, ಅವರಿಗೆ ನನ್ನ ನಮಸ್ಕಾರ. ನಾಲ್ಕು ಆಳವಾದ ಜೇಬಿರುವ ಕಪ್ಪು ಪ್ಯಾಂಟ್ ಹೊಲಿಸಿ ಕೊಟ್ಟೆ. ಹಣ ತೆಗೆದುಕೊಂಡೆ. ವ್ಯಾಪಾರದಲ್ಲಿ ಪುಕ್ಕಟೆ ಕೊಟ್ಟರೆ ಅವಳ ಕೆಲಸಕ್ಕೆ ನಾನೇ ಬೆಲೆ ಇಲ್ಲವೆಂದಂತೆ.

ಇಷ್ಟು ಹೊತ್ತು ಲಾಭದ ಕಥೆ ಹೇಳಿದೆ. ಈಗ ನಷ್ಟದ ಕಥೆ. ನಾನು ನಿಮಗೆ ಹೇಳಬೇಕೆಂದಿದ್ದುದೇ ಇದನ್ನು.

2017ರಲ್ಲಿ ನಮ್ಮ ಜಿ.ಐ.ಡಿ.ಸಿ.ಯ ಫ್ಯಾಕ್ಟರಿಗಳ ನಡುವೆ ಒಂದು ಟೂರ್ನಮೆಂಟ್ ನಡೆಯಿತು. ಖರ್ಚು ವಹಿಸಿಕೊಂಡವರು ಒಬ್ಬ ಶೇಠ್. ನಮ್ಮ ಯಜಮಾನರು ಕೆಲಸ ಮಾಡುತ್ತಿದ್ದ ಪ್ರೊಸೆಸ್ ಹೌಸ್ ಅವರದೇ. ಅಂಪೈರ್‌ಗಳಿಗೆ ಇಪ್ಪತ್ನಾಲ್ಕು ಅಂಗಿ, ಒಂದಕ್ಕೆ 450 ರೂಪಾಯಿ, ಎದೆಯ ಮೇಲೂ ಬೆನ್ನ ಮೇಲೂ ಕಂಪನಿಯ ಹೆಸರು ದೊಡ್ಡದಾಗಿ ಪ್ರಿಂಟ್ ಆಗಬೇಕು. ಒಟ್ಟು 10,800. ಅರ್ಧ ಹಣ ಮುಂಗಡ ಕೊಟ್ಟರು. ನನಗೆ ಅದುವರೆಗೆ ಬಂದಿದ್ದ ದೊಡ್ಡ ಆರ್ಡರ್ ಅದು. ಹೆಸರು ಹಾಕಿಸುವುದರಲ್ಲಿ ತಪ್ಪೇನಿದೆ ಎಂದು ಒಂದು ಕ್ಷಣವೂ ನಾನು ಯೋಚಿಸಲಿಲ್ಲ. ನಿಜ ಹೇಳಬೇಕೆಂದರೆ ಹೊಸ ಮಿಕ್ಸಿಯ ಬಗ್ಗೆ ಯೋಚಿಸುತ್ತಿದ್ದೆ.

ಲೀಗ್ ಪಂದ್ಯಗಳು ಮುಗಿದವು. ಶೇಠರ ಕಂಪನಿಯ ತಂಡವೇ ಫೈನಲ್ ಸೇರಿತು. ಹಿಂದಿನ ದಿನ ರಾತ್ರಿ ಎಂಟು ಗಂಟೆಗೆ ಹಿರಿಯ ಅಂಪೈರ್ ಮನೆಗೆ ಬಂದರು. ನಿವೃತ್ತ ಪಿ.ಟಿ. ಮೇಷ್ಟರು, ಎಲ್ಲರೂ 'ಸರ್' ಎಂದೇ ಕರೆಯುವುದು. ಇಸ್ತ್ರಿ ಮಾಡಿದ ಅಂಗಿಯನ್ನು ಮಡಿಸಿ ಸೋಫಾದ ಮೇಲಿಟ್ಟು, "ಬೆನ್, ಈ ಹೆಸರು ಎದೆ ಮೇಲೆ ಹಾಕ್ಕೊಂಡು ನಾಳೆ ನಾನು ನಿಲ್ಲೋದಿಲ್ಲ" ಎಂದರು.

ನಾನು ವಾದ ಮಾಡಿದೆ. "ಸರ್, ತೀರ್ಪು ಕೊಡೋದು ನಿಮ್ಮ ಕಣ್ಣು, ಅಂಗಿ ಅಲ್ಲವಲ್ಲ?"

"ನನ್ನ ಕಣ್ಣು ಎಂಥದ್ದು ಅಂತ ನನಗೆ ಗೊತ್ತು. ಎದುರು ತಂಡದ ಹನ್ನೊಂದು ಜನಕ್ಕೆ ಹೇಗೆ ಗೊತ್ತಾಗಬೇಕು? ಅವರಿಗೆ ಕಾಣೋದು ಅಂಗಿನೇ" ಎಂದರು.

ನನಗೆ 2011ರ ಆ ನೀಲಿ ಟೀ ಶರ್ಟ್ ಕಣ್ಣ ಮುಂದೆ ಬಂತು. ಅಂದು ಗೊತ್ತಿಲ್ಲದೆ ಆದದ್ದನ್ನು ಇಂದು ನಾನೇ ದುಡ್ಡು ತೆಗೆದುಕೊಂಡು ಮಾಡಿದ್ದೆ. ಜೋಡಿಯಿಲ್ಲದವನನ್ನು ಹಿಡಿದು ಒಂದು ಕಡೆಗೆ ಜೋಡಿ ಮಾಡಿಬಿಟ್ಟಿದ್ದೆ.

ಯಜಮಾನರ ಮುಖ ನೋಡಿದೆ. ಕೆಲಸ ಅವರದು, ಅನ್ನ ಆ ಶೇಠರದು. ಅವರು ಟಿ.ವಿ. ಆರಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹಳೇ ಕೋಟು ಎಲ್ಲಿವೆ?" ಎಂದು ಕೇಳಿದರು. ಅಷ್ಟೆ. ಮೊದಲು ಹೊಲಿದ ಎರಡು ಬಿಳಿ ಕೋಟು ಬೀರುವಿನಲ್ಲಿದ್ದವು. ರಾತ್ರಿ ನೀಲಿ ಹಾಕಿ ಒಗೆದು, ಫ್ಯಾನಿನ ಕೆಳಗೆ ಒಣಗಿಸಿ, ಬೆಳಿಗ್ಗೆ ಇಸ್ತ್ರಿ ಮಾಡಿ ಕಳಿಸಿದೆ.

ಪಂದ್ಯ ಕೊನೆಯ ಓವರಿನವರೆಗೆ ಎಳೆಯಿತು. ಎದುರು ತಂಡದ ಒಳ್ಳೆಯ ಬ್ಯಾಟ್ಸ್‌ಮನ್ ರನೌಟ್ ಆದ. ಕೂದಲೆಳೆಯ ಅಂತರ. ಸರ್ ಬೆರಳೆತ್ತಿದರು. ಹುಡುಗ ಒಂದು ಸಲ ಅವರ ಮುಖ ನೋಡಿ, ಬ್ಯಾಟು ಕಂಕುಳಲ್ಲಿ ಸಿಕ್ಕಿಸಿಕೊಂಡು ನಡೆದುಹೋದ. ಶೇಠರ ತಂಡ ಗೆದ್ದಿತು. ಸೋತ ತಂಡದ ನಾಯಕ ಬಂದು ಸರ್ ಕೈ ಕುಲುಕಿದ. ಅವರ ಎದೆಯ ಮೇಲೆ ಆ ಹೆಸರಿದ್ದಿದ್ದರೆ ಆ ರನೌಟ್ ಏನಾಗುತ್ತಿತ್ತು, ಹೇಳಿ? ತೀರ್ಪು ಅದೇ, ಗೆಲುವೂ ಅದೇ. ಆದರೆ ಅದು ಗೆಲುವಾಗಿ ಉಳಿಯುತ್ತಿರಲಿಲ್ಲ. ಬಿಳಿ ಕೋಟಿನಿಂದ ಎಲ್ಲರಿಗಿಂತ ಹೆಚ್ಚು ಲಾಭವಾದದ್ದು ಶೇಠರಿಗೇ.

ಶೇಠರಿಗೆ ಹಾಗೆ ಕಾಣಲಿಲ್ಲ. ಉಳಿದ 5,400 ರೂಪಾಯಿ ಬರಲಿಲ್ಲ. ಯಜಮಾನರನ್ನು ಯಾರೂ ಏನೂ ಅನ್ನಲಿಲ್ಲ, ಆದರೆ ಆ ವರ್ಷದ ದೀಪಾವಳಿಗೆ ಶೇಠರು ಎಲ್ಲರಿಗೂ ಕೈಯಾರೆ ಕೊಡುವ ಮಿಠಾಯಿ ಡಬ್ಬಿ ಇವರಿಗೆ ಪ್ಯೂನ್ ಕೈಯಲ್ಲಿ ಬಂತು. ಒಂದು ವರ್ಷ ನಮ್ಮ ಮನೆಯಲ್ಲಿ ಸ್ವಲ್ಪ ಭಯವಿತ್ತು, ಅದನ್ನು ಮುಚ್ಚಿಡುವುದಿಲ್ಲ. ಮಗಳ ಕಾಲೇಜಿನ ಫೀಸು ಕಟ್ಟುವ ಕಾಲ. ಮುಂದಿನ ಎರಡು ವರ್ಷ ಆ ಟೂರ್ನಮೆಂಟಿನ ಆರ್ಡರ್ ನನಗೆ ಬರಲಿಲ್ಲ. ಆಮೇಲೆ ಎಲ್ಲ ಫ್ಯಾಕ್ಟರಿಗಳೂ ಸೇರಿ ಒಂದು ಕಮಿಟಿ ಮಾಡಿಕೊಂಡರು, ಬರೀ 'ಅಂಪೈರ್' ಎಂದು ಬರೆದ ಅಂಗಿ ಕೇಳಿಕೊಂಡು ಮತ್ತೆ ಬಂದರು. ಆ 5,400ನ್ನು ಹೋಯಿತೆಂದು ಬರೆಯಲು ಹೊರಟಾಗ ಯಜಮಾನರು "'ಬರಬೇಕಾದದ್ದು' ಅಂತಲೇ ಇರಲಿ ಬಿಡು" ಎಂದರು. ಇಂದಿಗೂ ನನ್ನ ಪುಸ್ತಕದಲ್ಲಿ ಹಾಗೆಯೇ ಇದೆ.

ಅಂದಿನಿಂದ ನನ್ನ ಆರ್ಡರ್ ಪುಸ್ತಕದಲ್ಲಿ ಅಳತೆ ಬರೆಯುವ ಮೊದಲೇ ಒಂದು ಪ್ರಶ್ನೆ ಇರುತ್ತದೆ: 'ಹೆಸರು ಹಾಕಿಸುವವರ ತಂಡ ಆಡುತ್ತದೆಯೇ?' ಹೌದೆಂದರೆ ಹೆಸರನ್ನು ಬೌಂಡರಿ ಬಾವುಟಕ್ಕೆ, ನೀರಿನ ಡ್ರಮ್ಮಿಗೆ ಹಾಕಿಕೊಡುತ್ತೇನೆ. ಅಂಪೈರ್ ಅಂಗಿಗೆ ಹಾಕುವುದಿಲ್ಲ.

ಇದು ನಮ್ಮ ಸಚಿನ್‌ನ ಸಣ್ಣ ಮೈದಾನದ ಸಮಸ್ಯೆ ಮಾತ್ರ ಎಂದುಕೊಳ್ಳಬೇಡಿ. 2008ರಲ್ಲಿ ಮೊದಲ ಐಪಿಎಲ್ ನಡೆದಾಗ ಅಂಪೈರ್‌ಗಳ ಅಂಗಿಯ ಮೇಲೆ ಕಿಂಗ್‌ಫಿಷರ್ ಏರ್‌ಲೈನ್ಸ್ ಹೆಸರಿತ್ತು. 106 ಕೋಟಿ ರೂಪಾಯಿ ಒಪ್ಪಂದ. ಅದೇ ಬಳಗದ ಒಡೆಯರೇ ನಮ್ಮ ಬೆಂಗಳೂರು ತಂಡಕ್ಕೂ ಒಡೆಯರು! ಆ ವರ್ಷ ಆರ್‌ಸಿಬಿ ಎಂಟು ತಂಡಗಳಲ್ಲಿ ಏಳನೆಯದಾಗಿ ನಿಂತಿತು. ಹಾಗಾಗಿ ಅಂಪೈರ್‌ಗಳು ಸಹಾಯ ಮಾಡಿದರೆಂದು ಯಾರೂ ಹೇಳುವಂತಿರಲಿಲ್ಲ. ಒಂದು ವೇಳೆ ಕಪ್ ಗೆದ್ದಿದ್ದರೆ? ಯಾವ ತಪ್ಪೂ ಮಾಡದ ಅಂಪೈರ್‌ಗಳು ಎಷ್ಟು ಮಾತು ಕೇಳಬೇಕಾಗುತ್ತಿತ್ತೋ. ಐ.ಸಿ.ಸಿ.ಯ ಅಂಪೈರ್‌ಗಳ ಅಂಗಿಯ ಮೇಲೆ ಎಮಿರೇಟ್ಸ್ ಎಂಬ ವಿಮಾನ ಕಂಪನಿಯ ಹೆಸರನ್ನು ವರ್ಷಗಟ್ಟಲೆ ನೋಡಿದ್ದೇವೆ. ಅದೂ ಜಾಹೀರಾತೇ. ಆದರೆ ಭಾರತ, ಆಸ್ಟ್ರೇಲಿಯಾ ಆಡುವಾಗ ಆ ಕಂಪನಿಗೆ ತನ್ನದೆಂಬ ತಂಡವಿಲ್ಲ. ಜಾಹೀರಾತಿನ ಹಣ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಯಾರ ಹಣ ಎಂಬುದಷ್ಟೇ ಪ್ರಶ್ನೆ.

ಅಂಗಿಯಷ್ಟೇ ಅಲ್ಲ, ಅಂಪೈರ್ ಯಾವ ದೇಶದವರು ಎಂಬುದೂ ದೊಡ್ಡ ಜಗಳವಾಗಿತ್ತು. 1986ರಲ್ಲಿ ಪಾಕಿಸ್ತಾನ ಮತ್ತು ವೆಸ್ಟ್ ಇಂಡೀಸ್ ಲಾಹೋರಿನಲ್ಲಿ ಟೆಸ್ಟ್ ಆಡಿದಾಗ ಅಂಪೈರಿಂಗ್ ಮಾಡಿದವರು ಇಬ್ಬರೂ ಭಾರತೀಯರು, ವಿ.ಕೆ. ರಾಮಸ್ವಾಮಿ ಮತ್ತು ಪಿಲೂ ರಿಪೋರ್ಟರ್. ಎರಡು ದೇಶಕ್ಕೂ ಸೇರದವರೇ ಬೇಕೆಂದು ಪಾಕಿಸ್ತಾನವೇ ಅವರನ್ನು ಕರೆಸಿಕೊಂಡಿತ್ತು. ಮುಂದೆ 1994ರಿಂದ ಪ್ರತಿ ಟೆಸ್ಟಿಗೆ ಹೊರಗಿನವರು ಒಬ್ಬರು, 2002ರಿಂದ ಇಬ್ಬರೂ ಹೊರಗಿನವರು ಎಂದಾಯಿತು. ಕೊರೊನಾ ಕಾಲದಲ್ಲಿ ಮಾತ್ರ ಅದನ್ನು ಸಡಿಲಿಸಿದ್ದರು. 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ವಿಶ್ವಕಪ್ ಫೈನಲ್ ನೋಡಲು ನಿಮ್ಮಲ್ಲಿ ಕೆಲವರು ಹೋಗಿದ್ದಿರಿ. ಮೈದಾನದ ಅಂಪೈರ್‌ಗಳು ಯಾರೆಂದು ನೆನಪಿದೆಯೇ? ರಿಚರ್ಡ್ ಇಲಿಂಗ್‌ವರ್ತ್, ರಿಚರ್ಡ್ ಕೆಟಲ್‌ಬರೋ. ಇಬ್ಬರೂ ಇಂಗ್ಲೆಂಡಿನವರು. ನೆನಪಿಲ್ಲದಿದ್ದರೆ ಅವರ ಕೆಲಸ ಚೆನ್ನಾಗಿ ನಡೆಯಿತೆಂದೇ ಅರ್ಥ.

ಇನ್ನೊಂದು ದಿನ ನಮ್ಮ ಕನ್ನಡಿಗರಿಗೆ ಬೇಕಾದದ್ದು. 1999ರ ಫೆಬ್ರವರಿ 7, ದೆಹಲಿ. ಪಾಕಿಸ್ತಾನದ ವಿರುದ್ಧ ನಮ್ಮ ಅನಿಲ್ ಕುಂಬ್ಳೆ ಒಂದೇ ಇನ್ನಿಂಗ್ಸಿನಲ್ಲಿ ಹತ್ತಕ್ಕೆ ಹತ್ತು ವಿಕೆಟ್, 74 ರನ್ನಿಗೆ. ಕುಂಬ್ಳೆ ಆ ವಿಕೆಟ್ ತೆಗೆದ ತುದಿಯಲ್ಲಿ ನಿಂತಿದ್ದ ಅಂಪೈರ್ ಎ.ವಿ. ಜಯಪ್ರಕಾಶ್, ಅವರೂ ಬೆಂಗಳೂರಿನವರೇ. ಇನ್ನೊಂದು ತುದಿಯಲ್ಲಿ ವೆಸ್ಟ್ ಇಂಡೀಸಿನ ಸ್ಟೀವ್ ಬಕ್ನರ್. ಒಂದೊಂದು ಅಪೀಲಿಗೂ ಆ ಬೆಂಗಳೂರಿನ ಮನುಷ್ಯನ ಮನಸ್ಸಿನಲ್ಲಿ ಏನು ನಡೆದಿರಬೇಡ! ನಮ್ಮವನ ದಾಖಲೆಗೆ ಬೆರಳೆತ್ತುವುದು ಸುಲಭವಲ್ಲ. 'ನಮ್ಮವನಿಗೆ ಕೊಟ್ಟ' ಎಂಬ ಮಾತು ಜೀವಮಾನವಿಡೀ ಬೆನ್ನ ಹಿಂದೆ ಬರಬಹುದು. ಹಾಗೆಂದು ಔಟಾದವನನ್ನು ಉಳಿಸಿದರೆ ಅದೂ ಅನ್ಯಾಯವೇ. ಅಂಥ ಹೊತ್ತಿನಲ್ಲಿ ನಿಂತವನಿಗೆ ನಾವು ಮಾಡಬಹುದಾದ ಉಪಕಾರ ಒಂದೇ, ಅವನ ಮೈಮೇಲೆ ಯಾವ ಕಡೆಯ ಗುರುತನ್ನೂ ಹೊರಿಸದಿರುವುದು.

ಇಷ್ಟೆಲ್ಲ ಬರೆಯಲು ಈಗೊಂದು ಕಾರಣವೂ ಇದೆ. ಬರುವ ಚಳಿಗಾಲದಲ್ಲಿ ನಮ್ಮ ಸಂಘಕ್ಕೂ ನೆರೆಯ ಗುಜರಾತಿ ಸಮಾಜಕ್ಕೂ ಸ್ನೇಹ ಪಂದ್ಯ ಎಂದು ನಿಶ್ಚಯವಾಗಿದೆ. ಕೋಟಿನ ಜೇಬಿನ ಮೇಲೆ ಹಳದಿ ಕೆಂಪು ಬಾವುಟ ಕಸೂತಿ ಹಾಕಿಕೊಡಿ, ನಮ್ಮ ಸಂಘದ ಕೋಟೇ ಅಲ್ಲವೇ ಎಂದು ನಮ್ಮ ಕಮಿಟಿಯವರು ಪ್ರೀತಿಯಿಂದ ಕೇಳಿದರು. ಆ ಬಾವುಟ ಕಂಡರೆ ನನಗೂ ಎದೆ ತುಂಬುತ್ತದೆ, ಮೂವತ್ತು ವರ್ಷಕ್ಕೂ ಮೇಲೆ ಊರು ಬಿಟ್ಟವಳು ನಾನು. ಆದರೂ ಆಗುವುದಿಲ್ಲವೆಂದೆ. ಇಬ್ಬರು ಬೇಸರ ಮಾಡಿಕೊಂಡಿದ್ದಾರೆ. ಶೇಠರಿಗೆ ಇಲ್ಲವೆಂದವಳು ಮನೆಯವರಿಗೆ ಹೂಂ ಎಂದರೆ, ಅಂದು ಹೋದ 5,400 ರೂಪಾಯಿಗೆ ಅರ್ಥವೇ ಇರುವುದಿಲ್ಲ. ಬಾವುಟವನ್ನು ಸ್ಕೋರ್ ಬೋರ್ಡಿನ ಮೇಲೆ ಕಟ್ಟೋಣ, ಆಡುವವರ ಅಂಗಿಗೆ ಹಾಕೋಣ, ಬೇಕಾದರೆ ಊಟದ ಪಂದಳಕ್ಕೆಲ್ಲ ತೋರಣ ಮಾಡೋಣ. ಅದನ್ನೆಲ್ಲ ನಾನೇ ಪುಕ್ಕಟೆಯಾಗಿ ಹೊಲಿದು ಕೊಡುತ್ತೇನೆ.

ಈಗ ನಮ್ಮ ಬಿ.ಬಿ.ಎ. ಹುಡುಗನ ಪ್ರಶ್ನೆ: ಮಾರ್ಕೆಟ್ ಎಲ್ಲಿದೆ? ಮಗೂ, ಇಪ್ಪತ್ತೆರಡು ಜನರಿಗೆ ಅಂಗಿ ಹೊಲಿಯುವವರು ಸೂರತ್ತಿನಲ್ಲಿ ಬೀದಿಗೊಬ್ಬರಿದ್ದಾರೆ. ಆ ಇಬ್ಬರನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನನ್ನ ಮಾರ್ಕೆಟ್ ಅಲ್ಲಿದೆ. ವರ್ಷಕ್ಕೆ ಎಲ್ಲ ಖರ್ಚು ಕಳೆದು ನನಗೆ ಉಳಿಯುವುದು ನಿನ್ನ ಪ್ರೊಫೆಸರ್ ಮೆಚ್ಚುವಷ್ಟಿಲ್ಲ. ಟೈಲರ್ ಚಾಚಾನಿಗೆ ವರ್ಷವಿಡೀ ಕೆಲಸವಿದೆ, ಮಿಕ್ಸಿ ಬಂದಿದೆ, ಯಾರ ಹತ್ತಿರವೂ ಕೈಚಾಚಿಲ್ಲ. ಪ್ರಾಜೆಕ್ಟಿನಲ್ಲಿ ಬರೆದುಕೋ.

ಕೊನೆಗೊಂದು ಕೋರಿಕೆ. ಚಳಿಗಾಲದ ಪಂದ್ಯಕ್ಕೆ ಎರಡು ಕೋಟು ಒಗೆದು ಗಂಜಿ ಹಾಕಿ ಇಟ್ಟಿದ್ದೇನೆ. ಈ ಸಲ ಅಂಪೈರ್‌ಗಳು ನಿಮ್ಮ ಪೈಕಿಯವರೇ ಆಗಲಿ ಎಂದು ಎರಡೂ ಕಡೆಯ ಹಿರಿಯರು ಒಪ್ಪಿದ್ದಾರೆ, ನಮ್ಮವರೊಬ್ಬರು, ಅವರ ಕಡೆಯವರೊಬ್ಬರು. ಹುಡುಗಿಯರಾದರೆ ಇನ್ನೂ ಸಂತೋಷ, ಆಳವಾದ ಜೇಬಿನ ಪ್ಯಾಂಟ್ ನನ್ನದು. ಆಡುವ ಹನ್ನೊಂದಕ್ಕೆ ಈಗಾಗಲೇ ಮೂವತ್ತು ಹೆಸರು ಬಂದಿವೆಯಂತೆ. ಕೋಟಿಗೆ ಇನ್ನೂ ಒಂದು ಹೆಸರೂ ಬಂದಿಲ್ಲ. ಧೈರ್ಯವಿದ್ದವರು ಭಾನುವಾರ ಸಂಜೆ ಮನೆಗೆ ಬನ್ನಿ, ಅಳತೆ ತೆಗೆದುಕೊಳ್ಳಬೇಕು. ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಮಾಡಿರುತ್ತೇನೆ. ಆರು ಹುಣಸೆಬೀಜವನ್ನೂ ತೊಳೆದು ಇಟ್ಟಿರುತ್ತೇನೆ.